ಕ್ರೆಡಿಟ್ ಕಾರ್ಡ್ ಚಾರ್ಜಿನಲ್ಲಿ ಸ್ವಲ್ಪ ಮಾತ್ರ ವಾಪಸ್ ಕೊಡುತ್ತಾರಂತೆ, ಒಪ್ಪಬೇಕಾ?

ಬಟವಾಡಿ ಸೀನ
ಭಾನುವಾರ ರಾತ್ರಿ

ತುಮಕೂರಿನವನು, ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಕ್ರೆಡಿಟ್ ಕಾರ್ಡ್ ವಿಷಯದಲ್ಲಿ ಸಲಹೆ ಬೇಕಿತ್ತು. ಬ್ಯಾಂಕಿನ ಹೆಸರು ಹಾಕುವುದಿಲ್ಲ, ಒಂದು ಖಾಸಗಿ ಬ್ಯಾಂಕ್ ಅಂತ ಇಟ್ಟುಕೊಳ್ಳಿ.

ಎಂ.ಜಿ. ರಸ್ತೆಯ ಮೊಬೈಲ್ ಅಂಗಡಿಯೊಂದರ ಮುಂದೆ ಟೇಬಲ್ ಹಾಕಿಕೊಂಡು ಕೂತಿದ್ದ ಹುಡುಗರು "ಲೈಫ್‌ಟೈಮ್ ಫ್ರೀ ಸಾರ್, ಯಾವತ್ತೂ ಒಂದು ರೂಪಾಯಿ ಚಾರ್ಜ್ ಬರಲ್ಲ" ಎಂದು ಹೇಳಿ ಕಾರ್ಡ್ ಮಾಡಿಸಿದರು. ಅವರು ವಾಟ್ಸಾಪಿನಲ್ಲಿ ಕಳಿಸಿದ ಪಾಂಪ್ಲೆಟ್ ಇನ್ನೂ ನನ್ನ ಹತ್ತಿರ ಇದೆ. ಮೊದಲ ವರ್ಷ ಸರಿಯಾಗೇ ಇತ್ತು. ಎರಡನೇ ವರ್ಷ ಒಂದೇ ಬಿಲ್ಲಿನಲ್ಲಿ ಎರಡು ಚಾರ್ಜ್ ಬಂತು. ವಾರ್ಷಿಕ ಶುಲ್ಕ 1,499 ರೂಪಾಯಿ, ಅದಕ್ಕೆ ಜಿಎಸ್‌ಟಿ 269.82. ಅದರ ಕೆಳಗೆ 'ಕಾರ್ಡ್ ಪ್ರೊಟೆಕ್ಷನ್ ಪ್ಲಾನ್' ಅಂತ 2,499, ಜಿಎಸ್‌ಟಿ 449.82. ಈ ಪ್ಲಾನ್ ಏನು ಅಂತಲೇ ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ, ಓಟಿಪಿ ಕೊಟ್ಟಿಲ್ಲ.

ಆ ತಿಂಗಳು ನಾನು ಖರೀದಿ ಮಾಡಿದ್ದು 18,240. ಅಷ್ಟನ್ನು ಡ್ಯೂ ಡೇಟ್ ಒಳಗೇ ಕಟ್ಟಿದೆ. ಉಳಿದ 4,717.64 ನಾನು ಕೊಡಬೇಕಾದದ್ದಲ್ಲ ಎಂದು ಕಸ್ಟಮರ್ ಕೇರ್‌ಗೆ ಮೇಲ್ ಹಾಕಿ, ಕಾರ್ಡ್ ಬಳಸುವುದನ್ನೂ ನಿಲ್ಲಿಸಿದೆ. ಆಮೇಲಿನ ಬಿಲ್ಲುಗಳಲ್ಲಿ ಬಡ್ಡಿ 1,140, ಅದಕ್ಕೆ ಜಿಎಸ್‌ಟಿ 205.20. ಲೇಟ್ ಫೀ 750ರ ಹಾಗೆ ಎರಡು ಸಲ, ಜಿಎಸ್‌ಟಿ ಸೇರಿ 1,770. ಎಲ್ಲಾ ಕೂಡಿದರೆ 7,832.84.

ಈಗ ಬ್ಯಾಂಕಿನಿಂದ ಉತ್ತರ ಬಂದಿದೆ. "ಒಂದು ಸಲದ ಮಟ್ಟಿಗೆ" ವಾರ್ಷಿಕ ಶುಲ್ಕ 1,499 ಮತ್ತು ಒಂದು ಲೇಟ್ ಫೀ 750, ಒಟ್ಟು 2,249 ವಾಪಸ್ ಹಾಕುತ್ತಾರಂತೆ. 'ಯೆಸ್' ಎಂದು ರಿಪ್ಲೈ ಮಾಡಿದರೆ ಫುಲ್ ಅಂಡ್ ಫೈನಲ್ ಎಂದು ದೂರು ಮುಚ್ಚುತ್ತಾರಂತೆ.

ಒಪ್ಪಿಕೊಂಡು ಸುಮ್ಮನಾಗಲಾ, ಪೂರ್ತಿ ಕೇಳಲಾ? ಮನೆಯಲ್ಲಿ "ಬಂದಷ್ಟು ಬರಲಿ" ಅನ್ನುತ್ತಿದ್ದಾರೆ.

ಶಿರಾಗೇಟ್ ಮಂಜ

ಗುರು, ಬಂದಷ್ಟು ತಗೊಂಡು ಬಿಡು. ನನ್ನ ಕಾರ್ಡಿನಲ್ಲೂ ಇದೇ ಥರ ಆಗಿತ್ತು. ಬ್ರಾಂಚಿಗೆ ಹೋದರೆ "ಕಾರ್ಡ್ ವಿಭಾಗ ಬೇರೆ, ನಮ್ಮ ಕೈಲಿ ಏನೂ ಇಲ್ಲ" ಅಂದರು. ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಅಂತ ಅರ್ಧ ಗಂಟೆ. ಒಂದು ಶಿಫ್ಟ್ ರಜಾ ಹಾಕಿದರೆ ಅದಕ್ಕಿಂತ ಜಾಸ್ತಿ ಹೋಗುತ್ತದೆ.

ಚಿಂತಾಮಣಿ ಟೊಮೇಟೊ

ಒಪ್ಪಬೇಡಿ! ಕೇಳದೆ ಚಾರ್ಜ್ ಹಾಕಿದರೆ ಅದನ್ನು ವಾಪಸ್ ಕೊಟ್ಟು, ಮೇಲೆ ಎರಡು ಪಟ್ಟು ದಂಡ ಕೊಡಬೇಕು ಅಂತ ಆರ್‌ಬಿಐ ರೂಲ್ ಇದೆ. ನಿಮಗೆ 15 ಸಾವಿರದ ಮೇಲೆ ಬರಬೇಕು. ಅದನ್ನೇ ಬರೆದು ಹಾಕಿ.

ಕ್ಯಾತ್ಸಂದ್ರ ಇಡ್ಲಿ
ಸೋಮವಾರ ಬೆಳಿಗ್ಗೆ

ನಾನು ಬ್ಯಾಂಕಿನಲ್ಲಿದ್ದು ನಿವೃತ್ತಿ ಆದವನು. ಮೊದಲು ಚಿಂತಾಮಣಿಯವರ ಮಾತು. ಎರಡು ಪಟ್ಟು ದಂಡದ ನಿಯಮ ಇರುವುದು ನಿಜ. ಆದರೆ ಅದು ಕೇಳದೇ ಕಾರ್ಡ್ ಕೊಟ್ಟು, ಅಥವಾ ಕೇಳದೇ ಇದ್ದ ಕಾರ್ಡನ್ನು ಅಪ್‌ಗ್ರೇಡ್ ಮಾಡಿ ಬಿಲ್ ಹಾಕಿದಾಗ. ಸೀನ ಅವರ ಕಾರ್ಡ್ ಅವರೇ ಅರ್ಜಿ ಕೊಟ್ಟು ತೆಗೆದುಕೊಂಡಿದ್ದು. ಆ ದಂಡವನ್ನು ಇಲ್ಲಿ ಕೇಳಿದರೆ ಬ್ಯಾಂಕಿನವರು ಅದೊಂದನ್ನೇ ಹಿಡಿದುಕೊಂಡು ಉತ್ತರ ಬರೆಯುತ್ತಾರೆ, ಗಟ್ಟಿಯಾಗಿರುವ ವಿಷಯ ಬಿಟ್ಟು ಹೋಗುತ್ತದೆ.

ಗಟ್ಟಿಯಾಗಿರುವುದು ಬೇಕಾದಷ್ಟಿದೆ. ಆರ್‌ಬಿಐ 2022ರ ಏಪ್ರಿಲ್ 21ರಂದು ಕ್ರೆಡಿಟ್ ಕಾರ್ಡ್, ಡೆಬಿಟ್ ಕಾರ್ಡ್ ಬಗ್ಗೆ ನಿರ್ದೇಶನ ಹೊರಡಿಸಿತು. ಅದೇ ವರ್ಷ ಜುಲೈ 1ರಿಂದ ಬಹುಪಾಲು ಜಾರಿಗೆ ಬಂತು. ಉಚಿತ ಎಂದು ಕೊಟ್ಟ ಕಾರ್ಡಿನಲ್ಲಿ ಮುಚ್ಚಿಟ್ಟ ಶುಲ್ಕ ಇರಕೂಡದು ಎಂದು ಅದರಲ್ಲಿ ಬರೆದಿದೆ. ಕಾರ್ಡ್ ಕೊಡುವಾಗ ಹೇಳದ, ಗ್ರಾಹಕ ಒಪ್ಪದ ಚಾರ್ಜ್ ಹಾಕುವಂತಿಲ್ಲ. ಚಾರ್ಜ್ ಬದಲಾಯಿಸುವುದಾದರೆ ಕನಿಷ್ಠ ಒಂದು ತಿಂಗಳು ಮುಂಚೆ ತಿಳಿಸಬೇಕು. ಹಾಗಾಗಿ ನಿಮ್ಮ ಪಾಂಪ್ಲೆಟ್ ಬಹಳ ಮುಖ್ಯ. ಅದರ ಜೊತೆಗೆ ಅರ್ಜಿ ಹಾಕಿದಾಗ ಕೊಡಬೇಕಾಗಿದ್ದ ಒಂದು ಪುಟದ ಮುಖ್ಯ ವಿವರಗಳ ಹಾಳೆ, ಅಂದರೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್, ಅದರ ಪ್ರತಿ ಕೇಳಿ. ನಿಮ್ಮ ಅರ್ಜಿಯ ಪ್ರತಿಯನ್ನೂ ಕೇಳಿ.

ಈಗ ಅವರ ಆಫರ್ ನೋಡಿ. ವಾರ್ಷಿಕ ಶುಲ್ಕ ವಾಪಸ್ ಅಂತೆ, ಆದರೆ ಅದರ ಮೇಲಿನ 269.82 ಜಿಎಸ್‌ಟಿ ಇಲ್ಲ. ಶುಲ್ಕವೇ ಬರಬಾರದಿತ್ತು ಅಂದ ಮೇಲೆ ಅದರ ತೆರಿಗೆ ಯಾಕೆ ನಿಮ್ಮ ತಲೆ ಮೇಲೆ? ಎರಡು ಲೇಟ್ ಫೀಯಲ್ಲಿ ಒಂದು ವಾಪಸ್, ಇನ್ನೊಂದು ಇಲ್ಲ. ಎರಡಕ್ಕೂ ಕಾರಣ ಒಂದೇ ಆಗಿರುವಾಗ ಇದು ಯಾವ ಲೆಕ್ಕ? ಎಲ್ಲಕ್ಕಿಂತ ದೊಡ್ಡ ಮೊತ್ತ ಪ್ರೊಟೆಕ್ಷನ್ ಪ್ಲಾನಿನದ್ದು. ಅದರ ಬಗ್ಗೆ ಒಂದಕ್ಷರ ಇಲ್ಲ, ಗಮನಿಸಿದಿರಾ? ಕಾರ್ಡ್ ಕಳೆದರೆ, ವಂಚನೆ ಆದರೆ ಅಂತ ಕೊಡುವ ವಿಮೆಗೆ ಗ್ರಾಹಕನ ಸ್ಪಷ್ಟ ಒಪ್ಪಿಗೆ ಬೇಕೇ ಬೇಕು, ಕಾಗದದಲ್ಲೋ ಡಿಜಿಟಲ್ ಆಗಿಯೋ. ಒಪ್ಪಿಗೆ ಇದೆ ಎಂದು ತೋರಿಸಬೇಕಾದವರು ಅವರು. ಬಿಲ್ ಬಗ್ಗೆ ತಕರಾರು ಮಾಡಿದರೆ ಹೆಚ್ಚೆಂದರೆ 30 ದಿನದಲ್ಲಿ ವಿವರಣೆ ಕೊಡಬೇಕು, ಬೇಕಿದ್ದರೆ ದಾಖಲೆ ಸಮೇತ.

ಬಡ್ಡಿ ವಿಷಯ ಸ್ವಲ್ಪ ಬಿಡಿಸಿ ನೋಡಬೇಕು. 1,140ರಲ್ಲಿ ಎರಡು ಭಾಗ ಇರುತ್ತದೆ. ಬಿಲ್ಲನ್ನು ಪೂರ್ತಿ ಕಟ್ಟದಿದ್ದರೆ ಬಡ್ಡಿರಹಿತ ಅವಧಿ ತಪ್ಪಿಹೋಗಿ, ಖರೀದಿ ಮಾಡಿದ ದಿನದಿಂದ ಬಡ್ಡಿ ಎಣಿಸುತ್ತಾರೆ. ನಿಮ್ಮ 18,240ಕ್ಕೆ ಬಡ್ಡಿ ಬಿದ್ದಿರುವುದು ಹೀಗೆ. ನೀವು ಪೂರ್ತಿ ಕಟ್ಟದೇ ಇದ್ದದ್ದೇ ತಪ್ಪು ಚಾರ್ಜಿನಿಂದ, ಹಾಗಾಗಿ ಆ ಬಡ್ಡಿಯನ್ನೂ ಕೇಳಬಹುದು. ಎರಡನೇ ಭಾಗ ಆ 4,717ರ ಮೇಲೆಯೇ ಹಾಕಿದ ಬಡ್ಡಿ. ಕಟ್ಟದೆ ಉಳಿದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕಕೂಡದು ಎಂಬ ನಿಯಮ 2022ರ ಅಕ್ಟೋಬರ್ 1ರಿಂದ ಇದೆ. ಶುಲ್ಕ ಸರಿಯೇ ಇದ್ದರೂ ಅದರ ಮೇಲೆ ಬಡ್ಡಿ ಬರುವಂತಿಲ್ಲ. ಬಡ್ಡಿ ಹೇಗೆ ಎಣಿಸಿದರು, ದಿನವಾರು ಲೆಕ್ಕ ಕೊಡಿ ಎಂದು ಕೇಳಿ. ಈ ಪ್ರಶ್ನೆಗೆ ಕಸ್ಟಮರ್ ಕೇರ್‌ನಲ್ಲಿ ರೆಡಿಮೇಡ್ ಉತ್ತರ ಇರುವುದಿಲ್ಲ, ಮೇಲಿನವರಿಗೆ ಕಳಿಸಲೇಬೇಕಾಗುತ್ತದೆ.

ಬಟವಾಡಿ ಸೀನ

ಸಾರ್, ಇಷ್ಟೆಲ್ಲಾ ಇದೆ ಅಂತ ಗೊತ್ತೇ ಇರಲಿಲ್ಲ. ಒಂದು ಅನುಮಾನ. ಆಫರ್ ಒಪ್ಪಲಿಲ್ಲ ಅಂದರೆ ಆ 2,249 ಕೂಡ ಹೋಗುತ್ತದಾ? ಒಪ್ಪಿದರೆ ಮುಂದೆ ಎಲ್ಲೂ ಕೇಳಲು ಆಗುವುದಿಲ್ಲವಾ?

ಕ್ಯಾತ್ಸಂದ್ರ ಇಡ್ಲಿ

ದುಡ್ಡು ಬೇಡ ಎನ್ನಬೇಡಿ, 'ಯೆಸ್' ಎಂದು ಮಾತ್ರ ಕಳಿಸಬೇಡಿ. ನಡುವಿನ ದಾರಿ ಇದೆ. ಹೀಗೆ ಬರೆಯಿರಿ:

"ನೀವು ವಾಪಸ್ ಹಾಕಲು ಒಪ್ಪಿರುವ 2,249 ರೂಪಾಯಿಯನ್ನು ನನಗೆ ಬರಬೇಕಾದ 7,832.84ರ ಒಂದು ಭಾಗವಾಗಿ ಸ್ವೀಕರಿಸುತ್ತೇನೆ. ಇದು ನನ್ನ ದೂರಿನ ಪೂರ್ಣ ಇತ್ಯರ್ಥ ಅಲ್ಲ. ಉಳಿದ 5,583.84 ರೂಪಾಯಿ ಬಗ್ಗೆ ನನ್ನ ದೂರು ಹಾಗೇ ಇದೆ. ದೂರನ್ನು ಮುಚ್ಚಬೇಡಿ."

ಅದರ ಕೆಳಗೆ ಪ್ರತಿ ಐಟಂಗೂ ಎರಡೇ ಸಾಲು. ಏನು ಹಾಕಿದರು, ಯಾಕೆ ತಪ್ಪು. ಕೋಪ, ಬೈಗುಳ, "ಕೋರ್ಟಿಗೆ ಎಳೆಯುತ್ತೇನೆ", ಇದ್ಯಾವುದೂ ಬೇಡ. ಇಂಗ್ಲಿಷಿನಲ್ಲಿ ಬರೆಯಲು ಕಷ್ಟವಾದರೆ ಕನ್ನಡದಲ್ಲೇ ಹಾಕಿ.

ಇನ್ನು ಮುಂದಿನ ಮೆಟ್ಟಿಲು. ಆರ್‌ಬಿಐನ ಸಮಗ್ರ ಓಂಬುಡ್ಸ್‌ಮನ್ ಯೋಜನೆ 2021ರ ನವೆಂಬರ್ 12ರಂದು ಶುರುವಾಯಿತು. ಓಂಬುಡ್ಸ್‌ಮನ್ ಅಂದರೆ ಬ್ಯಾಂಕ್ ಗ್ರಾಹಕರ ದೂರು ವಿಚಾರಿಸಿ ತೀರ್ಮಾನಿಸುವ ಅಧಿಕಾರಿ. ಅದಕ್ಕೆ ಹೋಗಬೇಕಾದರೆ ಮೊದಲು ಬ್ಯಾಂಕಿಗೆ ದೂರು ಕೊಟ್ಟಿರಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬ್ಯಾಂಕು ದೂರನ್ನು ಪೂರ್ತಿಯಾಗಿಯೋ ಭಾಗಶಃವೋ ತಳ್ಳಿಹಾಕಿದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ ಹೋಗಬಹುದು. ನಿಮ್ಮ ಕೇಸು ಎರಡನೆಯದು. ಅರ್ಧ ಕೊಟ್ಟರು ಅಂದರೆ ಉಳಿದರ್ಧ ತಳ್ಳಿಹಾಕಿದ ಹಾಗೇ. ಬಹಳ ಜನ ಇಲ್ಲೇ ನಿಂತುಬಿಡುತ್ತಾರೆ. ಸ್ವಲ್ಪ ಬಂತಲ್ಲ, ಇನ್ನು ದೂರು ಕೊಟ್ಟರೆ ಯಾರು ಕೇಳುತ್ತಾರೆ ಅನ್ನುವ ಸಂಕೋಚ.

ಇನ್ನೊಂದು ವಿಷಯ ಹೊರಗೆ ಅಷ್ಟಾಗಿ ಗೊತ್ತಿಲ್ಲ. ದೊಡ್ಡ ಬ್ಯಾಂಕುಗಳ ಒಳಗೇ ಆಂತರಿಕ ಓಂಬುಡ್ಸ್‌ಮನ್ ಅಂತ ಒಬ್ಬರು ಇರುತ್ತಾರೆ. ನಾವು ನೇರವಾಗಿ ಅವರ ಹತ್ತಿರ ಹೋಗಲಾಗದು. ಆದರೆ ಬ್ಯಾಂಕು ಒಂದು ದೂರನ್ನು ಪೂರ್ತಿಯೋ ಅರ್ಧವೋ ತಿರಸ್ಕರಿಸುವ ಮುಂಚೆ ಅದನ್ನು ಅವರಿಗೆ ಕಳಿಸಿ ಅಭಿಪ್ರಾಯ ಪಡೆಯಬೇಕು. ನಿಮ್ಮ ಮೇಲ್‌ನಲ್ಲಿ ಕೇಳಿ: ಈ ಉತ್ತರವನ್ನು ಆಂತರಿಕ ಓಂಬುಡ್ಸ್‌ಮನ್ ನೋಡಿದ್ದಾರಾ? ನನ್ನ ಅನುಭವದಲ್ಲಿ ಈ ಒಂದು ಪ್ರಶ್ನೆಗೆ ಬ್ಯಾಂಕಿನವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

ಕೊಬ್ಬರಿ ಮಂಡಿ
ಸೋಮವಾರ ಮಧ್ಯಾಹ್ನ

ತಿಪಟೂರಿನಿಂದ. ಇಡ್ಲಿ ಸಾರ್ ಹೇಳಿದ್ದೆಲ್ಲಾ ಒಪ್ಪುತ್ತೇನೆ. ಆದರೆ ಸೀನ ಅವರೇ, ಆ ಬಾಕಿಯನ್ನು ಹಾಗೇ ಇಟ್ಟಿದ್ದೀರಲ್ಲ, ಅದು ನನಗೆ ಸರಿ ಕಾಣುತ್ತಿಲ್ಲ. ಮೊದಲು ಕಟ್ಟಿಬಿಡಿ. ಲೇಟ್ ಫೀ, ಅದರ ಜಿಎಸ್‌ಟಿ ಸೇರಿ ತಿಂಗಳು ತಿಂಗಳು 885 ಬೆಳೆಯುತ್ತಾ ಹೋಗುತ್ತದೆ. ನಮ್ಮ ಮಂಡಿಯಲ್ಲಿ ತೂಕದ ಜಗಳ ಬಂದರೂ ಲೋಡ್ ನಿಲ್ಲಿಸುವುದಿಲ್ಲ. ಚೀಟಿಯಲ್ಲಿ ಬರೆದು ಕಳಿಸುತ್ತೇವೆ, ಆಮೇಲೆ ಜಗಳ ಮುಂದುವರಿಸುತ್ತೇವೆ.

ಚಿಂತಾಮಣಿ ಟೊಮೇಟೊ

ಕಟ್ಟಿದರೆ ಒಪ್ಪಿಕೊಂಡ ಹಾಗೆ ಆಗುವುದಿಲ್ವಾ? ದುಡ್ಡು ಅವರ ಕೈಗೆ ಹೋದ ಮೇಲೆ ಯಾಕೆ ವಾಪಸ್ ಕೊಡುತ್ತಾರೆ? ಕಟ್ಟದೇ ಇದ್ದರೆ ಅವರೇ ನಮ್ಮ ಹಿಂದೆ ಬರಬೇಕು.

ಕೊಬ್ಬರಿ ಮಂಡಿ

ಹಿಂದೆ ಬರುವುದು ರಿಕವರಿ ಏಜೆಂಟ್, ಮ್ಯಾನೇಜರ್ ಅಲ್ಲ. ಬೆಳಿಗ್ಗೆ 8ರ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಬಾರದು ಅಂತ 2022ರಲ್ಲಿ ಆರ್‌ಬಿಐ ಹೇಳಿದೆ, ಸರಿ. ಆದರೆ ಹಗಲು ಹೊತ್ತು ಫ್ಯಾಕ್ಟರಿಯಲ್ಲಿ ಇರುವಾಗ ಮಾಡಿದರೆ ಖುಷಿನಾ? "ತಕರಾರು ಇಟ್ಟುಕೊಂಡೇ ಕಟ್ಟುತ್ತಿದ್ದೇನೆ, ಒಪ್ಪಿ ಕಟ್ಟುತ್ತಿಲ್ಲ" ಎಂದು ಕಟ್ಟುವ ದಿನವೇ ಮೇಲ್ ಹಾಕಬೇಕು. ಆಗ ಒಪ್ಪಿದ ಹಾಗೆ ಆಗುವುದಿಲ್ಲ.

ಮುಳಬಾಗಿಲು ಅಕ್ಕ

ಕೊಬ್ಬರಿ ಅಣ್ಣನ ಮಾತಿಗೆ ನನ್ನದೂ ಒಂದು. ನಮ್ಮ ತಮ್ಮನಿಗೆ ಕೋಲಾರದಲ್ಲಿ ಮನೆ ಸಾಲ ಬೇಕಾಗಿತ್ತು. ಸಿಬಿಲ್, ಅಂದರೆ ಸಾಲದ ಇತಿಹಾಸದ ವರದಿ, ನೋಡಿದರೆ ಯಾವತ್ತೋ ಮರೆತ ಕಾರ್ಡಿನ ಮುಂದೆ 'ಸೆಟಲ್ಡ್' ಅಂತ ಇತ್ತು. ಆಗಿದ್ದೇನು ಅಂದರೆ, ಬಾಕಿ ಬಗ್ಗೆ ಜಗಳ ಆಡುವಾಗ ಏಜೆಂಟ್ ಒಬ್ಬ "ಇಷ್ಟು ಕಟ್ಟಿ, ಉಳಿದದ್ದು ಮನ್ನಾ" ಅಂದಿದ್ದ. ಇವನು ಲಾಭ ಆಯ್ತು ಅಂದುಕೊಂಡು ಕಟ್ಟಿದ. ಬ್ಯಾಂಕಿನ ಪುಸ್ತಕದಲ್ಲಿ ಅದು "ಪೂರ್ತಿ ಕೊಡಲಿಲ್ಲ, ಅರ್ಧಕ್ಕೆ ಮುಗಿಸಿಕೊಂಡ" ಅಂತ ಬಿತ್ತು. ಸಾಲ ಕೊಡುವವರು ಅದನ್ನು ನೋಡಿ ಮುಖ ತಿರುಗಿಸಿದರು.

ಸೀನ, ನಿಮಗೆ ಬಂದಿರುವುದು ತಪ್ಪು ಚಾರ್ಜ್ ವಾಪಸ್ ಹಾಕುವ ಆಫರ್. ತಮ್ಮನಿಗೆ ಬಂದಿದ್ದು ಬಾಕಿ ಮನ್ನಾ ಆಫರ್. ಎರಡೂ ಒಂದೇ ಥರ ಕಾಣಿಸುತ್ತದೆ. ಫೋನಿನಲ್ಲಿ ಯಾರಾದರೂ 'ಸೆಟಲ್‌ಮೆಂಟ್' ಅಂದರೆ ಅಲ್ಲೇ ನಿಲ್ಲಿಸಿ. ಚಾರ್ಜ್ ರಿವರ್ಸಲ್ ಅಂತಲೇ ಕಾಗದದಲ್ಲಿ ಬರಲಿ.

ಕ್ಯಾತ್ಸಂದ್ರ ಇಡ್ಲಿ

ಅಕ್ಕ ಹೇಳಿದ್ದು ಲಾಖ್ ರೂಪಾಯಿ ಮಾತು. ಸೇರಿಸುವುದು ಇಷ್ಟೇ. ಸುಸ್ತಿದಾರ ಎಂದು ಸಿಬಿಲ್ ಥರದ ಕ್ರೆಡಿಟ್ ಬ್ಯೂರೋಗೆ ವರದಿ ಮಾಡುವ ಮುಂಚೆ ಕನಿಷ್ಠ ಏಳು ದಿನದ ನೋಟಿಸ್ ಕೊಡಬೇಕು. ತಕರಾರು ನಡೆಯುತ್ತಿರುವ ಖಾತೆಗಳಲ್ಲಿ ಇನ್ನೂ ಎಚ್ಚರ ಇರಬೇಕು ಎಂದೂ ನಿರ್ದೇಶನದಲ್ಲಿದೆ. ಹಾಗಿದ್ದರೂ ಕಂಪ್ಯೂಟರ್ ತನ್ನ ಪಾಡಿಗೆ ವರದಿ ಕಳಿಸಿಬಿಡುತ್ತದೆ. ತಪ್ಪು ವರದಿ ಹೋಗಿದ್ದರೆ ತಿದ್ದಲು ದೂರು ಕೊಡಿ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು 2023ರ ಅಕ್ಟೋಬರ್‌ನಲ್ಲಿ ಆರ್‌ಬಿಐ ಸುತ್ತೋಲೆ ಹೊರಡಿಸಿದೆ.

ಕಟ್ಟುವ ವಿಷಯದಲ್ಲಿ ನನ್ನ ಮತ ಮಂಡಿಯವರ ಕಡೆ. ಸಣ್ಣ ಮೊತ್ತ, ಕಟ್ಟಿ ಕೇಳಿ. ಲಕ್ಷದ ಮಾತಾಗಿದ್ದರೆ ಬೇರೆ ಹೇಳುತ್ತಿದ್ದೆ.

ಶಿರಾದವ, ಈಗ ಲೀಡ್ಸ್
ಸೋಮವಾರ ರಾತ್ರಿ

ನಮ್ಮೂರಿನ ಚರ್ಚೆ ಓದಿ ಇಲ್ಲಿಯ ಕಥೆ ನೆನಪಾಯಿತು. ಬ್ರಿಟನ್ನಿನಲ್ಲಿ 2006ರ ಏಪ್ರಿಲ್‌ನಲ್ಲಿ ಆಫೀಸ್ ಆಫ್ ಫೇರ್ ಟ್ರೇಡಿಂಗ್ ಅನ್ನುವ ಸರ್ಕಾರಿ ಸಂಸ್ಥೆ ಒಂದು ಮಾತು ಹೇಳಿತು. ಕ್ರೆಡಿಟ್ ಕಾರ್ಡಿಗೆ 12 ಪೌಂಡ್‌ಗಿಂತ ಜಾಸ್ತಿ ಲೇಟ್ ಫೀ ಹಾಕಿದರೆ ಅದು ಅನ್ಯಾಯದ್ದು ಎಂದೇ ತಿಳಿಯುತ್ತೇವೆ ಅಂತ. ಅದಕ್ಕೆ ಮುಂಚೆ 20, 25 ಪೌಂಡ್ ಹಾಕುತ್ತಿದ್ದರು. ಜನ ಹಳೇ ಫೀ ಎಲ್ಲಾ ವಾಪಸ್ ಕೇಳಲು ಶುರು ಮಾಡಿದರು. ಕಾರ್ಡ್ ಕಂಪನಿಗಳು ಏನು ಮಾಡಿದವು ಗೊತ್ತಾ? 12ರ ಮೇಲಿನ ವ್ಯತ್ಯಾಸ ಮಾತ್ರ ಕೊಡುತ್ತೇವೆ, ತಗೊಳ್ಳಿ ಅಂದವು. ಸೀನನಿಗೆ ಬಂದ ಹಾಗೇ ಅರ್ಧಂಬರ್ಧ ಆಫರ್. ಆದರೆ 12 ಪೌಂಡ್ ನ್ಯಾಯವಾದ ದರ ಅಂತ ಆ ಸಂಸ್ಥೆ ಹೇಳಿರಲೇ ಇಲ್ಲ. ಅದರ ಮೇಲೆ ಹೋದರೆ ನಾವು ಕ್ರಮಕ್ಕೆ ಇಳಿಯುತ್ತೇವೆ ಅಂದಿತ್ತು ಅಷ್ಟೇ. ಅದನ್ನು ತಿಳಿದುಕೊಂಡವರು "ಇದು ಒಂದು ಕಂತು, ಉಳಿದದ್ದು ಯಾವಾಗ?" ಎಂದು ಬರೆದರು.

2009ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಬ್ಯಾಂಕುಗಳ ಪರ ತೀರ್ಪು ಕೊಟ್ಟಿದ್ದು ಓವರ್‌ಡ್ರಾಫ್ಟ್ ಚಾರ್ಜ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ತೆಗೆದಾಗ ಹಾಕುವ ಚಾರ್ಜ್ ಬಗ್ಗೆ. ಇವೆರಡನ್ನೂ ಈಗಲೂ ಜನ ಕಲಸಿಕೊಳ್ಳುತ್ತಾರೆ.

ಕ್ಯಾತ್ಸಂದ್ರ ಇಡ್ಲಿ

ನಮ್ಮಲ್ಲಿ ಲೇಟ್ ಫೀಗೆ ಹಾಗೆ ಇಷ್ಟೇ ಎನ್ನುವ ಮಿತಿ ಆರ್‌ಬಿಐ ಹಾಕಿಲ್ಲ. ಎಷ್ಟು ದಿನಕ್ಕೆ, ಯಾವುದರ ಮೇಲೆ ಎನ್ನುವುದಕ್ಕೆ ಮಾತ್ರ ನಿಯಮ ಇದೆ. ಹಾಗಾಗಿ "750 ಬಹಳ ಜಾಸ್ತಿ" ಎಂದು ವಾದ ಮಾಡಿದರೆ ನಡೆಯುವುದು ಕಷ್ಟ. "ಈ 750 ಬರಲೇಬಾರದಿತ್ತು" ಎಂಬ ವಾದ ನಡೆಯುತ್ತದೆ.

ಅಮಾನಿಕೆರೆ ವಾಕಿಂಗ್

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಕಾರ್ಡಿಗೆ ವರ್ಷಕ್ಕೆ 42 ಪರ್ಸೆಂಟ್ ಬಡ್ಡಿ. ಇದು ಮೀಟರ್ ಬಡ್ಡಿಯೇ ಅಲ್ವಾ? ಇದನ್ನು ಅನ್ಯಾಯ ಅಂತ ಕೇಳಿ ವಾಪಸ್ ಪಡೆಯಬಹುದಾ? ಇನ್ನೊಂದು, ಡ್ಯೂ ಡೇಟ್ ಭಾನುವಾರ ಇತ್ತು, ಸೋಮವಾರ ಕಟ್ಟಿದೆ, ಲೇಟ್ ಫೀ ಬಿದ್ದಿದೆ.

ಕ್ಯಾತ್ಸಂದ್ರ ಇಡ್ಲಿ

ಬಡ್ಡಿ ದರದ ಆಸೆ ಬಿಡಿ. 30 ಪರ್ಸೆಂಟ್‌ಗಿಂತ ಜಾಸ್ತಿ ಬಡ್ಡಿ ಅನ್ಯಾಯದ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು, 2024ರ ಡಿಸೆಂಬರ್ 20ರಂದು ಆ ಆದೇಶ ರದ್ದಾಯಿತು. ನಮಗೆ ಇಷ್ಟ ಇರಲಿ ಬಿಡಲಿ, ಸದ್ಯದ ಕಾನೂನು ಅದು.

ಲೇಟ್ ಫೀ ಮಾತ್ರ ಖಂಡಿತ ಕೇಳಿ. ಡ್ಯೂ ಡೇಟ್ ಕಳೆದು ಮೂರು ದಿನಕ್ಕಿಂತ ಜಾಸ್ತಿ ಬಾಕಿ ಇದ್ದರೆ ಮಾತ್ರ ಲೇಟ್ ಫೀ ಹಾಕಬಹುದು, ಬ್ಯೂರೋಗೆ ವರದಿ ಮಾಡಬಹುದು. ಮರುದಿನ ಕಟ್ಟಿದವರಿಗೆ ಹಾಕುವಂತಿಲ್ಲ. ಸ್ಟೇಟ್‌ಮೆಂಟ್ ಮತ್ತು ಪೇಮೆಂಟ್ ಆದ ದಿನಾಂಕ ಹಾಕಿ ಒಂದು ಮೇಲ್ ಸಾಕು. ಜಿಎಸ್‌ಟಿ ಸೇರಿಸಿ ಕೇಳುವುದನ್ನು ಮರೆಯಬೇಡಿ.

ದ್ರಾಕ್ಷಿ ತೋಟ
ಮಂಗಳವಾರ

ಚಿಕ್ಕಬಳ್ಳಾಪುರ ಕಡೆಯಿಂದ ಒಂದು ಎಚ್ಚರಿಕೆ. ನನಗೆ ಹಳೇ ಕಾರ್ಡ್ ಬಾಕಿಗೆ ಲೋಕ ಅದಾಲತ್ ನೋಟಿಸ್ ಬಂತು. ಮನೆಯವರೆಲ್ಲಾ ಪೊಲೀಸ್ ಕೇಸ್ ಅಂತ ಹೆದರಿಬಿಟ್ಟರು. ಹೆದರುವಂಥದ್ದು ಏನೂ ಇಲ್ಲ. ಅಲ್ಲಿ ರಾಜಿ ಮಾಡಿಕೊಳ್ಳಲೇಬೇಕು ಅಂತ ಬಲವಂತ ಇಲ್ಲ. ಆದರೆ ಒಮ್ಮೆ ಸಹಿ ಹಾಕಿದರೆ ಮುಗಿಯಿತು, ಆ ಅವಾರ್ಡ್, ಅಂದರೆ ಅದಾಲತ್ತಿನ ತೀರ್ಪಿನ ಮೇಲೆ ಅಪೀಲು ಇಲ್ಲ. ಅಲ್ಲಿ ಕೂತ ಬ್ಯಾಂಕಿನ ವಕೀಲರು "ಬಡ್ಡಿಯಲ್ಲಿ ಅರ್ಧ ಬಿಡುತ್ತೇವೆ" ಅಂದ ಕೂಡಲೇ ಪೆನ್ನು ತೆಗೆಯಬೇಡಿ. ಅಸಲು ಎಷ್ಟು, ಚಾರ್ಜ್ ಎಷ್ಟು ಎಂದು ಬಿಡಿಸಿ ಬರೆದ ಹಾಳೆ ಕೇಳಿ. ನಾನು ಕೇಳಿದಾಗ ಅವರ ಹತ್ತಿರ ಇರಲಿಲ್ಲ. ಮುಂದಿನ ಸಲ ತರುತ್ತೇವೆ ಅಂದರು. ಆ ಮುಂದಿನ ಸಲ ಬರಲೇ ಇಲ್ಲ.

ಶಿರಾಗೇಟ್ ಮಂಜ

ಓಂಬುಡ್ಸ್‌ಮನ್, ಅದಾಲತ್ ಎಲ್ಲಾ ಬಿಟ್ಟು ನೇರ ಗ್ರಾಹಕರ ಆಯೋಗಕ್ಕೆ ಹೋದರೆ? ತುಮಕೂರಿನಲ್ಲೇ ಇದೆಯಲ್ಲ.

ಮುಳಬಾಗಿಲು ಅಕ್ಕ

ಹೋಗಬಹುದು ಮಂಜ. 2019ರ ಕಾನೂನು ಬಂದ ಮೇಲೆ ನಾವು ಇರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು, ಬ್ಯಾಂಕಿನ ಹೆಡ್ ಆಫೀಸ್ ಮುಂಬೈಯಲ್ಲಿ ಇದ್ದರೂ. 5 ಲಕ್ಷದವರೆಗೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ಎರಡು ವರ್ಷದ ಒಳಗೆ ಹಾಕಬೇಕು. ಆದರೆ ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. 5 ಸಾವಿರಕ್ಕೆ ಮೊದಲು ಓಂಬುಡ್ಸ್‌ಮನ್ನೇ ಸರಿ. ಎರಡೂ ಕಡೆ ಒಟ್ಟಿಗೆ ಹಾಕಬಾರದು. ಕೋರ್ಟು, ಆಯೋಗದಲ್ಲಿ ಇರುವ ವಿಷಯವನ್ನು ಓಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಸುಮ್ನೆ ವಿಚಾರಿಸಬೇಕಿದ್ದರೆ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು.

ಬಟವಾಡಿ ಸೀನ
ಕೆಲವು ವಾರಗಳ ನಂತರ

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಇಡ್ಲಿ ಸಾರ್ ಬರೆದುಕೊಟ್ಟ ಹಾಗೇ ಮೇಲ್ ಹಾಕಿದೆ. ಈ ಸಲ ಬ್ಯಾಂಕಿನ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೂ ಕಳಿಸಿದೆ, ವಿಳಾಸ ಬ್ಯಾಂಕಿನ ವೆಬ್‌ಸೈಟಿನಲ್ಲೇ ಇತ್ತು. ಮಂಡಿ ಅಣ್ಣನ ಮಾತಿನಂತೆ ಬಾಕಿಯನ್ನೂ ಕಟ್ಟಿ, ತಕರಾರು ಇಟ್ಟುಕೊಂಡೇ ಕಟ್ಟಿದ್ದೇನೆ ಎಂದು ಅದೇ ದಿನ ಬರೆದೆ.

ಮೊದಲು ಫೋನ್ ಬಂತು. ಬಹಳ ಮರ್ಯಾದೆಯಿಂದ ಮಾತಾಡಿದರು, ನನಗೇ ಆಶ್ಚರ್ಯ. "ಸಾರ್, ಫೋನಿನಲ್ಲೇ ಮುಗಿಸೋಣ" ಅಂದರು. ಮೇಲ್‌ನಲ್ಲೇ ಕಳಿಸಿ ಅಂದೆ. ಆಮೇಲೆ ಬಂದ ಉತ್ತರದಲ್ಲಿ ವಾರ್ಷಿಕ ಶುಲ್ಕ ಅದರ ಜಿಎಸ್‌ಟಿ ಸಮೇತ, ಎರಡೂ ಲೇಟ್ ಫೀ ಜಿಎಸ್‌ಟಿ ಸಮೇತ ವಾಪಸ್. ಒಟ್ಟು 3,538.82. ಕಾರ್ಡಿಗೆ ಜಮಾ ಆಗಿದೆ. ಕಾರ್ಡ್ ಇನ್ನು ಮುಂದೆ ಶುಲ್ಕ ಇಲ್ಲದ್ದು ಎಂದೂ ಬರೆದುಕೊಟ್ಟಿದ್ದಾರೆ.

ಪ್ರೊಟೆಕ್ಷನ್ ಪ್ಲಾನ್ ಮತ್ತು ಬಡ್ಡಿ ಮಾತ್ರ ಇಲ್ಲ ಅಂತೆ. ಪ್ಲಾನಿಗೆ ನಾನು ಫೋನಿನಲ್ಲಿ ಒಪ್ಪಿಗೆ ಕೊಟ್ಟಿದ್ದೇನಂತೆ. ರೆಕಾರ್ಡಿಂಗ್ ಕೊಡಿ ಅಂದರೆ "ಆಂತರಿಕ ದಾಖಲೆ, ಹಂಚಿಕೊಳ್ಳಲು ಆಗುವುದಿಲ್ಲ" ಅಂತೆ. ಬಡ್ಡಿಗೆ ದಿನವಾರು ಲೆಕ್ಕ ಕೇಳಿದ್ದಕ್ಕೆ ನಿಯಮಗಳ ಪಿಡಿಎಫ್ ಕಳಿಸಿದ್ದಾರೆ, ಲೆಕ್ಕ ಕಳಿಸಿಲ್ಲ. ಉಳಿದಿರುವುದು 4,294.02. ಮನೆಯಲ್ಲಿ ಈಗ ಯಾರೂ "ಬಂದಷ್ಟು ಬರಲಿ" ಅನ್ನುತ್ತಿಲ್ಲ, ಅದೊಂದು ಬದಲಾವಣೆ.

ಕ್ಯಾತ್ಸಂದ್ರ ಇಡ್ಲಿ

ಒಳ್ಳೆಯದಾಯಿತು. ಈಗ ಓಂಬುಡ್ಸ್‌ಮನ್‌ಗೆ ಹಾಕಿ, ತಡ ಮಾಡಬೇಡಿ. ದೂರು ಕೊಡಲು ಕಾಲಮಿತಿ ಇದೆ, ಕಾಗದ ಬಿಸಿ ಇರುವಾಗಲೇ ಕೆಲಸ ಆಗಬೇಕು.

ಆರ್‌ಬಿಐನ ಸಿಎಂಎಸ್ ಎಂಬ ದೂರಿನ ಪೋರ್ಟಲ್‌ನಲ್ಲಿ ಹಾಕಬಹುದು. ಮೊಬೈಲ್ ನಂಬರಿಗೆ ಓಟಿಪಿ ಬರುತ್ತದೆ. ಶುಲ್ಕ ಇಲ್ಲ. ಆನ್‌ಲೈನ್ ಬೇಡ ಅಂದರೆ ಚಂಡೀಗಢದ ಕೇಂದ್ರಕ್ಕೆ ಅಂಚೆಯಲ್ಲೂ ಕಳಿಸಬಹುದು. ಸಂಪರ್ಕ ಸಂಖ್ಯೆ 14448, ಅದರಲ್ಲಿ ಕನ್ನಡವೂ ಇದೆ. ಏಜೆಂಟರು, ವಕೀಲರು ಯಾರೂ ಬೇಡ. ಈ ಯೋಜನೆಯಲ್ಲಿ ವಕೀಲರ ಮೂಲಕ ದೂರು ಕೊಡುವಂತೆಯೇ ಇಲ್ಲ.

ದೂರಿನಲ್ಲಿ 7,832ರ ಪುರಾಣ ಹೇಳಬೇಡಿ. ಉಳಿದ 4,294.02 ಮಾತ್ರ. ಅದರಲ್ಲಿ ಪ್ಲಾನಿನದ್ದು 2,948.82, ಬಡ್ಡಿಯದ್ದು 1,345.20. ಒಪ್ಪಿಗೆಗೆ ಸಾಕ್ಷಿ ಕೇಳಿದೆ, ಕೊಡಲಿಲ್ಲ. ಲೆಕ್ಕ ಕೇಳಿದೆ, ಕೊಡಲಿಲ್ಲ. ಇವೆರಡು ವಾಕ್ಯ ಮೊದಲ ಪ್ಯಾರಾದಲ್ಲೇ ಇರಲಿ. ವಾರ್ಷಿಕ ಶುಲ್ಕವನ್ನು ಅವರೇ ವಾಪಸ್ ಕೊಟ್ಟಿದ್ದಾರೆ ಎನ್ನುವುದನ್ನೂ ಹೇಳಿ. ಮೂಲ ಚಾರ್ಜ್ ತಪ್ಪು ಎಂದು ಒಪ್ಪಿದ ಮೇಲೆ ಅದರಿಂದ ಬಂದ ಬಡ್ಡಿಯನ್ನು ಇಟ್ಟುಕೊಳ್ಳುವುದು ಹೇಗೆ ಎಂದು ಓಂಬುಡ್ಸ್‌ಮನ್ ಕೇಳಿದರೆ ಅವರಿಗೆ ಉತ್ತರ ಕೊಡುವುದು ಸುಲಭ ಅಲ್ಲ.

ಸಮಯ ಹಾಳಾಗಿದ್ದು, ಓಡಾಟ, ಕಿರಿಕಿರಿಗೆ ಪರಿಹಾರ ಕೇಳಲು ಒಂದು ಕಾಲಂ ಇದೆ. 2021ರ ಯೋಜನೆಯಲ್ಲಿ ಅದಕ್ಕೆ 1 ಲಕ್ಷದವರೆಗೆ ಕೊಡುವ ಅಧಿಕಾರ ಇತ್ತು. ಹಾಗಂತ 1 ಲಕ್ಷ ಬರೆಯಬೇಡಿ. 4 ಸಾವಿರದ ದೂರಿಗೆ ಲಕ್ಷ ಕೇಳಿದರೆ ಓದುವವರಿಗೆ ನಗು ಬರುತ್ತದೆ. ನ್ಯಾಯವಾಗಿ ಅನ್ನಿಸಿದ್ದು ಬರೆಯಿರಿ.

ಶಿರಾಗೇಟ್ ಮಂಜ

ಸೀನ, ಕಾರ್ಡ್ ಇಟ್ಟುಕೊಳ್ಳುತ್ತೀಯಾ? ನಾನಾಗಿದ್ದರೆ ಇವತ್ತೇ ಕ್ಯಾನ್ಸಲ್.

ಕೊಬ್ಬರಿ ಮಂಡಿ

ಕ್ಯಾನ್ಸಲ್ ಈಗ ಬೇಡ. ಜಮಾ ಆದ ದುಡ್ಡನ್ನು ಮೊದಲು ಸೇವಿಂಗ್ಸ್ ಖಾತೆಗೆ ಹಾಕಿಸಿಕೊಳ್ಳಲಿ, ದೂರು ಮುಗಿಯಲಿ. ಆಮೇಲೆ ಕ್ಯಾನ್ಸಲ್ ಅರ್ಜಿ ಕೊಟ್ಟರೆ ಏಳು ಕೆಲಸದ ದಿನದಲ್ಲಿ ಮುಚ್ಚಬೇಕು. ಬಾಕಿ ಏನೂ ಇಲ್ಲದಿದ್ದರೂ ತಡ ಮಾಡಿದರೆ ದಿನಕ್ಕೆ 500 ರೂಪಾಯಿ ದಂಡ ಗ್ರಾಹಕನಿಗೆ ಕೊಡಬೇಕು. ಅವರು ತಡ ಮಾಡಲಿ ಅಂತ ನಾನಂತೂ ಆಸೆಯಿಂದ ಕಾಯುತ್ತೇನೆ.

ಬಟವಾಡಿ ಸೀನ

ಹಾಹಾ. ದೂರು ಹಾಕಿದೆ, ನಂಬರ್ ಬಂದಿದೆ. ಪಾಂಪ್ಲೆಟ್, ಬಿಲ್ಲುಗಳು, ಎರಡೂ ಉತ್ತರ ಎಲ್ಲಾ ಪಿಡಿಎಫ್ ಮಾಡಿ ಸೇರಿಸಿದ್ದೇನೆ. ಸಾರ್, ಒಂದೇ ಪ್ರಶ್ನೆ ಬಾಕಿ. ನಿನ್ನೆ ಬ್ಯಾಂಕಿನಿಂದ ಮತ್ತೆ ಫೋನ್. ದೂರು ಹಿಂದಕ್ಕೆ ತೆಗೆದುಕೊಂಡರೆ ಪ್ಲಾನ್ ದುಡ್ಡು ಕೊಡುತ್ತೇವೆ ಅಂದರು. ಬಡ್ಡಿ ಮಾತು ಎತ್ತಲಿಲ್ಲ.

ಕ್ಯಾತ್ಸಂದ್ರ ಇಡ್ಲಿ

ದುಡ್ಡು ಮೊದಲು, ಹಿಂದಕ್ಕೆ ತೆಗೆಯುವ ಮಾತು ಆಮೇಲೆ. ಮೇಲ್‌ನಲ್ಲಿ ಬರಲಿ, ಖಾತೆಗೆ ಬೀಳಲಿ. 2,948.82 ಬಂದರೆ ದೂರನ್ನು 1,345.20ಕ್ಕೆ ಇಳಿಸಿ ಬರೆಯಿರಿ, ಹಿಂದಕ್ಕೆ ತೆಗೆಯಬೇಡಿ. ಬಡ್ಡಿ ಸಣ್ಣದು, ಅದನ್ನು ಬಿಟ್ಟು ಮುಗಿಸುತ್ತೇನೆ ಅಂತ ನಿಮಗೇ ಅನ್ನಿಸಿದರೆ ಬೇರೆ ಮಾತು, ಅದು ನಿಮ್ಮಿಷ್ಟ. ನಾನಾಗಿದ್ದರೆ ದಿನವಾರು ಲೆಕ್ಕ ನೋಡದೆ ಬಿಡುತ್ತಿರಲಿಲ್ಲ.